ಮೂರನೇ ಗೀರಿಗೆ ಎಡಕ್ಕೆ

ನಮ್ಮ ವರ್ಕ್‌ಶಾಪು, ಪ್ಯಾಕಿಂಗ್ ಮೇಜು
ಹನ್ನೊಂದನೇ ತಾರೀಖು, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಹೋದ ಸಲ ಫೋನಿನಲ್ಲಿ ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದೆ. ಕೇಳಿದರೆ "ಏನಿಲ್ಲಮ್ಮ, ನೀರು ನೆತ್ತಿಗೇರ್ತು" ಅಂದೆ. ಒಂದು ವಾರ ದಿನಾ ಯಾರಿಗೂ ನೀರು ನೆತ್ತಿಗೇರುವುದಿಲ್ಲ, ಅಷ್ಟು ನನಗೂ ಗೊತ್ತು. ಬಿಸಿನೀರು ಕುಡಿ, ಒದ್ದೆ ತಲೆಯಲ್ಲಿ ಫ್ಯಾನಿನ ಕೆಳಗೆ ಮಲಗಬೇಡ. ನಾವು ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ, ಅದಕ್ಕೆ ಬರೆದಿದ್ದೇನೆ. ನನ್ನ ಮಂಡಿ ಎಂದಿನಂತೆ ಮೋಡ ಕಟ್ಟುವ ಒಂದು ದಿನ ಮೊದಲೇ ಸುದ್ದಿ ಕೊಡುತ್ತದೆ. ನಿಮ್ಮಪ್ಪ ಹೊಟ್ಟೆ ತುಂಬ ಉಣ್ಣುತ್ತಾರೆ, ನನ್ನ ಮೇಲೆ ರೇಗುತ್ತಾರೆ, ರೇಗಿದ್ದಕ್ಕೆ ಆಮೇಲೆ ತಾವೇ ಪಾತ್ರೆ ತೊಳೆದಿಡುತ್ತಾರೆ. ಅಷ್ಟರಮಟ್ಟಿಗೆ ಎಲ್ಲ ಸರಿಯಾಗಿದೆ.

ಫೋನು ಕೈಯಲ್ಲೇ ಇರುವಾಗ ಅಮ್ಮನಿಗೆ ಯಾಕೆ ಈ ಕಾಗದದ ಹುಚ್ಚು ಎಂದು ನಗಬೇಡ. ಕಾಗದ ಬರೆಯುವುದು ನಿನಗೂ ನಿಮ್ಮಪ್ಪನಿಗೂ ನಡುವಿನ ವ್ಯವಹಾರ, ನಾನು ಮಧ್ಯೆ ಬಂದವಳಲ್ಲ. ನೀನು ಆ ದೊಡ್ಡ ಕಾರ್ಖಾನೆಯಲ್ಲಿ ಅಳತೆ ನೋಡುವ ಕೆಲಸಕ್ಕೆ ಸೇರಿದಾಗ "ಫೋನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ, ಬರೆದಿದ್ದು ನಿಲ್ಲುತ್ತೆ" ಎಂದು ಅವರೇ ತಾನೆ ನಿನ್ನಿಂದ ತಿಂಗಳಿಗೊಂದು ಕಾಗದದ ಮಾತು ತೆಗೆದುಕೊಂಡದ್ದು. ಈಗ ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ನಮ್ಮ ಮನೆಯಲ್ಲಿ ಯಾವ ಮೂಲೆಯಲ್ಲಿ ಪಿಸುಗುಟ್ಟಿದರೂ ಅವರಿಗೆ ಕೇಳಿಸುತ್ತದೆ. ಮೆಸೇಜು ಒತ್ತೋಣವೆಂದರೆ ಎರಡು ಸಾಲಿಗೇ ನನ್ನ ಹೆಬ್ಬೆರಳು ಕೈಕೊಡುತ್ತದೆ. ವಿಷಯ ಎರಡು ಸಾಲಿನದಲ್ಲ. ವಿಷಯ ನೆಲದ್ದು.

ನೀನು ಹೇಳಿದ ನೆಲದವನು ಬಂದಿದ್ದ. ಒಳ್ಳೆಯ ಮನುಷ್ಯ, ಮಾತು ಕಡಿಮೆ, ಕೆಲಸ ಜಾಸ್ತಿ. ಬಂದವನೇ ಮೊಳಕಾಲೂರಿ ಕೂತು ಒಂದು ಮೊಳೆಯಿಂದ ಕಾಂಕ್ರೀಟನ್ನು ಗೀರಿದ, ಮೊಳೆಯ ತುದಿಗೆ ಹಿಟ್ಟಿನ ಹಾಗೆ ಪುಡಿ ಬಂತು. ಅದನ್ನು ನನ್ನ ಅಂಗೈಗೆ ಹಾಕಿ "ನಿಮ್ಮ ನೆಲ ಇದು, ದಿನಾ ಸ್ವಲ್ಪ ಸ್ವಲ್ಪ ಎದ್ದು ಗಾಳೀಲಿ ಓಡಾಡ್ತಿದೆ" ಅಂದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಬೆಳಿಗ್ಗೆ ಗುಡಿಸಿದ ಈ ಮೇಜಿನ ಮೇಲೆ ಹನ್ನೊಂದು ಗಂಟೆಗೆ ಬೆರಳಲ್ಲಿ ಬರೆಯಬಹುದು. ಹೋದ ತಿಂಗಳು ಪಂಪು ಕಂಪನಿಯವರು ನಾಲ್ಕು ಪೆಟ್ಟಿಗೆ ಬುಶ್ಶುಗಳನ್ನು ವಾಪಸ್ ಕಳಿಸಿದ್ದು ಅಳತೆ ತಪ್ಪಿದ್ದಕ್ಕಲ್ಲ, ಎಣ್ಣೆ ಸವರಿದ ಆ ಲೋಹದ ಬಳೆಗಳ ಒಳಗೆ ಬೂದು ಧೂಳು ಕೂತಿದ್ದಕ್ಕೆ. ಈ ತಿಂಗಳ ಕೊನೆಗೆ ಅವರ ತಪಾಸಣೆಯವಳು ಮತ್ತೆ ಬರುತ್ತಾಳೆ. ಅಷ್ಟರಲ್ಲಿ ನೆಲ ಧೂಳು ಬಿಡುವುದು ನಿಲ್ಲದಿದ್ದರೆ ನಮ್ಮ ಕೆಲಸ ಬೇರೆಯವರಿಗೆ. ಅವಳು ಮುಖ ಗಂಟಿಕ್ಕಿಕೊಂಡು ಹೇಳಲಿಲ್ಲ, ನಗುತ್ತಲೇ ಹೇಳಿದಳು. ನಗುತ್ತ ಹೇಳಿದ್ದಕ್ಕೇ ನನಗೆ ಭಯ.

ಹಾಗಾಗಿ ಏನಾದರೂ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಏನು ಮಾಡಬೇಕು ಎಂಬುದು. ನೀನು ಹೇಳಿದ್ದು ಎಪಾಕ್ಸಿ ಕೋಟಿಂಗು. ನೆಲ ಉಜ್ಜಿ, ಗೀರುಗಳನ್ನೆಲ್ಲ ತುಂಬಿ, ಮೇಲೆ ಎರಡು ಪದರ ಬಣ್ಣ ಎರೆದು, ಕೊನೆಗೆ ಕನ್ನಡಿ. ನಿನ್ನ ಕಾರ್ಖಾನೆಯ ನೆಲದ ಫೋಟೋ ಕಳಿಸಿದ್ದೆಯಲ್ಲ, ಅದರಲ್ಲಿ ನಿನ್ನ ತಲೆ ಮೇಲೂ ಇತ್ತು ಕೆಳಗೂ ಇತ್ತು. ನೆಲದವನು ಇನ್ನೊಂದು ದಾರಿಯನ್ನೂ ಹೇಳಿದ. ನೀರಿನಂಥದೊಂದು ದ್ರಾವಣ, ಚೆಲ್ಲಿದರೆ ಕಾಂಕ್ರೀಟು ಅದನ್ನು ಕುಡಿದು ಒಳಗಿನಿಂದ ಗಟ್ಟಿಯಾಗುತ್ತದಂತೆ, ಧೂಳು ನಿಲ್ಲುತ್ತದಂತೆ. ಮೇಲೆ ಪದರ ಇಲ್ಲ, ಹೊಳಪಿಲ್ಲ, ನೆಲ ಹೇಗಿದೆಯೋ ಹಾಗೇ ಇರುತ್ತದೆ. ಎಣ್ಣೆ ಬಿದ್ದರೆ ಕಲೆ ಉಳಿಯುತ್ತದೆ. "ನೂರಕ್ಕೆ ತೊಂಬತ್ತು ಪಾಲು ಧೂಳು ಹೋಗುತ್ತೆ, ಉಳಿದ ಹತ್ತಕ್ಕೆ ನಿಮ್ಮ ಪೊರಕೆ ಇದೆಯಲ್ಲ" ಅಂದ. ನಾನು ಆಗ ಆ ಮಾತಿಗೆ ಕಿವಿ ಕೊಡಲೇ ಇಲ್ಲ. ನಿನ್ನ ಮನಸ್ಸಿದ್ದದ್ದು ಕನ್ನಡಿಯ ಮೇಲೆ. ನೀನು ಬರೆದ ಸಾಲು ನನಗೆ ಬಾಯಿಪಾಠ: "ಆ ನೆಲ ಹೊಳೆಯುವ ದಿನ ಕೆಲಸ ಬಿಟ್ಟು ಬಂದು ವರ್ಕ್‌ಶಾಪು ವಹಿಸಿಕೊಳ್ಳುತ್ತೇನೆ, ಆ ಧೂಳಿಗೆ ಮಾತ್ರ ಕರೆಯಬೇಡಿ." ಮೂರು ವರ್ಷದಿಂದ ಒಬ್ಬಳೇ ಮಗಳ ಕೋಣೆಯ ಹಾಸಿಗೆ ಕೊಡವಿ ಕೊಡವಿ ಇಡುವವಳಿಗೆ ಇಂಥ ಸಾಲು ಬರೆದರೆ ಅವಳು ನೆಲಕ್ಕೇನು, ಬೇಕಾದರೆ ಸೂರಿಗೂ ಎಪಾಕ್ಸಿ ಬಳಿಸುತ್ತಾಳೆ.

ನಿಮ್ಮಪ್ಪ ಒಪ್ಪಿರಲಿಲ್ಲ, ಅದು ನಿನಗೂ ಗೊತ್ತು. ಆರು ತಿಂಗಳಿಂದ ಒಂದೇ ಹಟ. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎನ್ನುವುದು, ಇಲ್ಲವೇ "ನಾನು ಹಾಕಿದ ನೆಲ ನಿಮಗೇನು ಕಚ್ಚಿತು" ಎನ್ನುವುದು. ಸರಿ, ಅವರೇ ಹಾಕಿದ ನೆಲ. ನೀನು ಹುಟ್ಟುವ ಎರಡು ತಿಂಗಳು ಮೊದಲು, ನೆಲ ಬಿರಿಯದಿರಲೆಂದು ಆರಡಿಗೊಂದು ಗೀರು ಕೊಯ್ದು, ಮೂಲೆಮಟ್ಟ ಹಿಡಿದು ಹಿಡಿದು ನನ್ನ ಪ್ರಾಣ ತಿಂದು ಹಾಕಿದ ನೆಲ. ಅದಕ್ಕೇ ಮುದುಕರಿಗೆ ಅಭಿಮಾನ ಅಂದುಕೊಂಡೆ. ಜಿಪುಣತನವೂ ಇರಬಹುದು ಅಂದುಕೊಂಡೆ. ಇನ್ನೂ ಏನೇನೋ ಅಂದುಕೊಂಡೆ, ಅದನ್ನೆಲ್ಲ ಈಗ ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ತಡಿ, ಗಾಡಿಯವನು ಹಾರ್ನ್ ಹೊಡೆಯುತ್ತಿದ್ದಾನೆ.

ಬಂದೆ. ಪೆಟ್ಟಿಗೆ ಕೊಡುವುದಕ್ಕೆ ಹೋಗಿ ಲೇಬಲ್ಲು ಉಲ್ಟಾ ಅಂಟಿಸಿ ಬಂದಿದ್ದೇನೆ. ಈ ವಾರ ಎಲ್ಲ ಹೀಗೇ, ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು. ಎಲ್ಲಿದ್ದೆ? ಹಾಂ, ಹಟ. ನಾನೂ ಲೇತ್‌ ನಡೆಸುವ ನಮ್ಮ ಟರ್ನರು ಮೌನಿಯೂ ಸೇರಿ ಒಂದು ಉಪಾಯ ಮಾಡಿದೆವು. ಹೋದ ವಾರ ನಿನ್ನ ಚಿಕ್ಕಪ್ಪ ಗಾಡಿ ತಂದು ನಿಮ್ಮಪ್ಪನನ್ನು ಮೂರು ದಿನಕ್ಕೆ ತಮ್ಮ ಮನೆಗೆ ಕರೆದುಕೊಂಡು ಹೋಗಿದ್ದರು. ಅಷ್ಟರಲ್ಲಿ ಒಂದು ಪಟ್ಟಿ ಮಾತ್ರ ಮಾಡಿಸಿಬಿಡೋಣ, ಬಂದು ಅದರ ಅಂದ ನೋಡಿ ತಾವೇ ಒಪ್ಪುತ್ತಾರೆ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು. ನೆಲದವನು "ಜನ ಜಾಸ್ತಿ ಓಡಾಡೋ ಕಡೆ ಮಾಡಿ, ತಡೆಯುತ್ತಾ ಅಂತ ಗೊತ್ತಾಗುತ್ತೆ" ಅಂದ. ಜನ ಜಾಸ್ತಿ ಓಡಾಡುವುದು ಎಲ್ಲಿ? ಮನೆಯ ಕಡೆಯ ಬಾಗಿಲಿನಿಂದ ಅಪ್ಪ ಕೂತು ಬುಶ್ಶು ಪರೀಕ್ಷೆ ಮಾಡುವ ಮೇಜಿನವರೆಗೆ. ನಾನೇ ಕೈ ಮಾಡಿ ತೋರಿಸಿದೆ. ಎರಡು ಮಂಚದ ಅಗಲಕ್ಕೆ ನೆಲ ಉಜ್ಜಿದ, ಗೀರುಗಳಿಗೆ ಮೇಣದಂಥದ್ದು ತುಂಬಿ ಸಮ ಮಾಡಿದ, ಬೂದು ಬಣ್ಣ ಎರೆದ. ಒಣಗಿದ ಮೇಲೆ ನೋಡಬೇಕಿತ್ತು ನೀನು. ನಾನು ಬಗ್ಗಿ ನನ್ನ ಮುಖ ನೋಡಿಕೊಂಡೆ, ಇಷ್ಟು ವಯಸ್ಸಾಯಿತೇ ಎಂದು ಅಲ್ಲಿಂದ ಎದ್ದೆ.

ಶನಿವಾರ ಬೆಳಿಗ್ಗೆ ನಿಮ್ಮಪ್ಪ ಬಂದರು. ಸ್ನಾನ, ತಿಂಡಿ, ಆಮೇಲೆ ಎಂದಿನಂತೆ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬರಿಗಾಲಲ್ಲಿ ವರ್ಕ್‌ಶಾಪಿಗೆ ಇಳಿದರು. ನಾನೂ ಮೌನಿಯೂ ಕಳ್ಳರ ಹಾಗೆ ಈ ಕಡೆ ನಿಂತು ನೋಡುತ್ತಿದ್ದೆವು. ಬಾಗಿಲು ದಾಟಿ ಹೊಳೆಯುವ ಪಟ್ಟಿಯ ಮೇಲೆ ನಾಲ್ಕು ಹೆಜ್ಜೆ ಎಂದಿನ ವೇಗದಲ್ಲಿ ಬಂದರು. ನಿಂತರು. ಅಂದ ನೋಡುತ್ತಿದ್ದಾರೆ ಎಂದುಕೊಂಡು ನಾನು ನಕ್ಕೆ. ಇನ್ನೆರಡು ಹೆಜ್ಜೆ ಇಟ್ಟರು, ಮತ್ತೆ ನಿಂತರು, ಬಲಗಾಲಿನ ಹೆಬ್ಬೆರಳಿನಿಂದ ನೆಲವನ್ನು ಆ ಕಡೆ ಈ ಕಡೆ ಸವರಿದರು. ಆಮೇಲೆ ಒಂದು ಕೈ ಮುಂದೆ ಚಾಚಿ, "ಮೇಜು ಯಾರು ಸರಿಸಿದ್ದು?" ಅಂದರು.

ಮೇಜು ಅಲ್ಲೇ ಇತ್ತು ಪುಟ್ಟೀ. ಇಪ್ಪತ್ತಾರು ವರ್ಷದಿಂದ ಇದ್ದಲ್ಲೇ, ಅವರಿಂದ ಎರಡು ಮಾರು ದೂರದಲ್ಲಿ, ಕಿಟಕಿಯ ಬೆಳಕಿನಲ್ಲಿ. ತಮಾಷೆ ಎಂದು ತಿಳಿದು ನಾನು "ನಿಮ್ಮ ತಲೆ ಸರಿಸಿದ್ದೀವಿ" ಅಂದೆ. ಅವರೂ ನಕ್ಕರು. ನಗುತ್ತ ನಗುತ್ತ ನನ್ನ ದನಿ ಬಂದ ಕಡೆಗೆ ತಿರುಗಿದರು, ನನ್ನ ಕಡೆಗಲ್ಲ, ಗೋಡೆಯ ಮೇಲೆ ಬಿದ್ದು ಬಂದ ನನ್ನ ದನಿಯ ಕಡೆಗೆ. ಅಷ್ಟರಲ್ಲಿ ಮೌನಿ ಓಡಿಹೋಗಿ ಮೇಜಿನ ಪಕ್ಕ ನಿಂತು "ಸಾರ್, ಇಲ್ಲಿ, ಈ ಬುಶ್ಶು ಒಂಚೂರು ನೋಡಿ, ಇಲ್ಲಿ ಇಟ್ಟಿದೀನಿ, ಇಲ್ಲೇ" ಎಂದು ಒಂದೇ ಸಮನೆ ಒದರತೊಡಗಿದ. ಅವನ ದನಿ ಹಿಡಿದುಕೊಂಡು ಅವರು ಮೇಜು ಮುಟ್ಟಿದರು. ಕುರ್ಚಿ ಎಳೆದು ಕೂತರು. ಕೂತ ಮೇಲೆ ಎಲ್ಲ ಎಂದಿನ ಹಾಗೆ. ನನಗೆ ಮಾತ್ರ ಒಂದು ಅನುಮಾನ ಹುಟ್ಟಿತು.

ನಾನು ಸುಲಭಕ್ಕೆ ನಂಬುವವಳಲ್ಲ. ಅವತ್ತು ಸಂಜೆ ಒಂದು ಕೆಟ್ಟ ಕೆಲಸ ಮಾಡಿದೆ, ಹೇಳಿಕೊಳ್ಳಲು ನಾಚಿಕೆ. ಅವರು ಅಂಗಳದ ಕುರ್ಚಿಯಲ್ಲಿ ಕೂತಿದ್ದರು, ಇನ್ನೂ ಬಿಸಿಲಿತ್ತು. ಸದ್ದಿಲ್ಲದೆ ಹೋಗಿ ಎದುರಿಗೇ ನಿಂತೆ. ನಿಂತು ನಾಲಿಗೆ ಚಾಚಿದೆ. ಮದುವೆಯಾಗಿ ಮೂವತ್ತು ವರ್ಷವಾದ ಗಂಡನೆದುರು, ಕಣ್ಣು ಮೆಳ್ಳೆ ಮಾಡಿ, ಎರಡು ಕಿವಿ ಹಿಡಿದುಕೊಂಡು, ಶಾಲೆಯ ಹುಡುಗಿಯ ಹಾಗೆ. ಅವರು ನನ್ನ ಮುಖದ ಕಡೆಗೇ ನೋಡುತ್ತ ಸುಮ್ಮನೆ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನ ಕಡೆ ಕತ್ತು ತಿರುಗಿಸಿ "ಏನೇ, ಚಹಾ ಆಯ್ತಾ?" ಎಂದು ಕೂಗಿದರು. ನಾನು ಹಿಂದೆ ಹಿಂದೆ ಹೆಜ್ಜೆ ಇಟ್ಟು ಅಡಿಗೆಮನೆಗೆ ಬಂದು "ಬಂದೇರೀ" ಅಂದೆ. ಆ ಚಹಾಕ್ಕೆ ಉಪ್ಪು ಹಾಕಿದ್ದೆನಂತೆ, ಪಾಪ, ಕುಡಿದರು.

ಆಮೇಲೆ ಎಲ್ಲ ಒಂದೊಂದಾಗಿ ನೆನಪಾಯಿತು. ಎರಡು ವರ್ಷದ ಹಿಂದೆ ಕನ್ನಡಕ ಬದಲಾಯಿಸಲು ಒಬ್ಬರೇ ಹೋಗಿ ಬರಿಗೈಯಲ್ಲಿ ಬಂದು "ಹಳೇದೇ ಸಾಕಂತೆ" ಅಂದದ್ದು. "ಬೆನ್ನು ನೋವು" ಎಂದು ಲೇತ್‌ ಕೆಲಸವನ್ನೆಲ್ಲ ಮೌನಿಗೆ ಬಿಟ್ಟು ತಾವು ಬುಶ್ಶು ಪರೀಕ್ಷೆಗೆ ಕೂತದ್ದು. ಬೆರಳಲ್ಲಿ ಸವರಿಯೇ ಕೂದಲೆಳೆಯಷ್ಟು ಗೀರು ಹಿಡಿಯುತ್ತಾರೆ ಎಂದು ನಾವೆಲ್ಲ ಹೊಗಳಿದ್ದೇ ಹೊಗಳಿದ್ದು. ನಿನ್ನ ಕಾಗದ ಬಂದರೆ "ನೀನೇ ಓದು, ನಿನ್ನ ಬಾಯಲ್ಲಿ ಕೇಳೋಕೆ ಚೆಂದ" ಎನ್ನುತ್ತಿದ್ದದ್ದು. ಈ ವಯಸ್ಸಿಗೆ ಪ್ರೀತಿ ಉಕ್ಕಿತು ಎಂದು ನಾನು ರಾಗವಾಗಿ ಓದುತ್ತಿದ್ದೆ, ಮಂಕು! ಹಿಂದಿನ ಸಲ ಕರೆಂಟು ಹೋಗಿ ವರ್ಕ್‌ಶಾಪೆಲ್ಲ ಕಗ್ಗತ್ತಲಾದಾಗ ನಾವೆಲ್ಲ ನಿಂತಲ್ಲೇ ನಿಂತರೆ ಅವರೊಬ್ಬರು ಸಲೀಸಾಗಿ ಹೋಗಿ ಟಾರ್ಚು ತಂದುಕೊಟ್ಟಿದ್ದು. ಬೂಟು ಹಾಕಿಕೊಳ್ಳಿ, ಕಬ್ಬಿಣದ ಚೂರು ಚುಚ್ಚುತ್ತದೆ ಎಂದು ನಾನು ದಿನಾ ಬಡಿದುಕೊಂಡರೂ ಕೇಳದೆ ಬರಿಗಾಲಲ್ಲಿ ಓಡಾಡಿ, ವಾರಕ್ಕೊಮ್ಮೆ ನನ್ನ ಮುಂದೆ ಅಂಗಾಲು ಚಾಚುವುದು. ಸೂಜಿ ಹಿಡಿದು ಚೂರು ಕೀಳುತ್ತ ನಾನು ಬೈಯುವುದು. ಅವರಿಗೆ ಆ ನೆಲ ಕಾಲಿನಿಂದ ಕಾಣುತ್ತಿತ್ತು. ಬಾಗಿಲಿನಿಂದ ನೆಟ್ಟಗೆ, ಮೂರನೇ ಗೀರಿಗೆ ಎಡಕ್ಕೆ, ಹಳೆಯ ಡ್ರಿಲ್ಲಿಂಗ್ ಯಂತ್ರ ಕೂತಿದ್ದ ತರಿ ತರಿ ಜಾಗ ಸಿಕ್ಕಿದರೆ ಮೇಜು. ನಾನು ಕಣ್ಣಿದ್ದವಳು ಕೈ ಮಾಡಿ ತೋರಿಸಿ ಅದನ್ನೇ ಒರೆಸಿಹಾಕಿಸಿದೆ.

ಸೋಮವಾರ, ಎಂದರೆ ನಿನ್ನೆ, ಮಾರ್ಕೆಟ್ಟಿಗೆ ಎಂದು ಸುಳ್ಳು ಹೇಳಿ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಹಳೆಯ ಚೀಟಿ ಹುಡುಕಿ ತೆಗೆದು, "ಬಂದಿದ್ರಲ್ಲ, ಆಗಲೇ ಹೇಳಿದ್ದೆ, ಮನೇಲಿ ಹೇಳಲಿಲ್ವಾ?" ಅಂದರು. ನೋಟದ ನಡುಭಾಗ ಸತ್ತುಹೋಗಿದೆಯಂತೆ, ಎರಡೂ ಕಣ್ಣಿನದು. ಅಂಚಿನಲ್ಲಿ ನೆರಳು ಬೆಳಕು ತಿಳಿಯುತ್ತದೆ, ಅದು ಉಳಿಯುತ್ತದೆ, ಹೋದದ್ದು ಬರುವುದಿಲ್ಲ. ಔಷಧಿ ಇಲ್ಲ, ಆಪರೇಷನ್ನೂ ಇಲ್ಲ. "ಬೀಳದ ಹಾಗೆ ನೋಡ್ಕೊಳ್ಳಿ, ಗೊತ್ತಿರೋ ಜಾಗದಲ್ಲಿ ಓಡಾಡ್ಲಿ, ಮೂಲೇಲಿ ಕೂರಿಸಬೇಡಿ" ಎಂದು ಹೇಳಿ ಕಳಿಸಿದರು. ದಾರಿಯುದ್ದಕ್ಕೂ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಎರಡು ವರ್ಷ! ದಿನಾ ಎದುರು ಬದುರು ಕೂತು ಉಂಡವರು. ಮನೆಗೆ ಬಂದು ಹಿಡಿದು ಜಾಡಿಸಬೇಕು ಎಂದುಕೊಂಡೇ ಬಂದೆ. ಅವರು ನಿನ್ನ ಹಳೆಯ ಸ್ವೆಟರಿನ ನೂಲು ಬಿಚ್ಚಿ ಉಂಡೆ ಸುತ್ತುತ್ತ ಕೂತಿದ್ದರು, ಮಾರ್ಕೆಟ್ಟಿನಿಂದ ಏನು ತಂದೆ ಎಂದು ಕೇಳಿದರು. ಬೆಲೆ ಜಾಸ್ತಿ, ಏನೂ ತರಲಿಲ್ಲ ಎಂದು ಹೇಳಿ ಒಳಗೆ ಹೋದೆ.

ಸಿಟ್ಟು ತೀರಿಸಿಕೊಳ್ಳಲು ಮೌನಿಯನ್ನು ಹಿಡಿದೆ. ನಿನಗೆ ಅವನು ಗೊತ್ತಲ್ಲ, ಹತ್ತು ವರ್ಷ ಇಲ್ಲಿ ದುಡಿದು ಹತ್ತು ಮಾತಾಡಿರಲಿಲ್ಲ, ಅದಕ್ಕೇ ನೀನೇ ಆ ಹೆಸರಿಟ್ಟದ್ದು. ಒಂದು ವರ್ಷದಿಂದ ಅವನ ಬಾಯಿ ಮುಚ್ಚುವುದೇ ಇಲ್ಲ ಎಂದು ನಿನಗೆ ಫೋನಿನಲ್ಲಿ ಹೇಳಿದ್ದೆ. "ಸಾರ್, ಚಕ್ ಬಿಗಿ ಮಾಡ್ತಿದೀನಿ. ಸಾರ್, ಈಗ ಮೆಷಿನ್ ಆನ್. ಸಾರ್, ಶಾಫ್ಟು ಹೊತ್ಕೊಂಡು ನಿಮ್ಮ ಬಲಗಡೆಯಿಂದ ಬರ್ತಿದೀನಿ." ರೇಡಿಯೋ ಕಾಮೆಂಟರಿ! ತಲೆ ಚಿಟ್ಟು ಹಿಡಿದು ನಾನೇ ಎಷ್ಟು ಸಲ ಗದರಿದ್ದೇನೆ. ನಿನ್ನೆ ಅವನನ್ನು ಗೋಡೌನಿಗೆ ಕರೆದು "ನಿನಗೆ ಯಾವಾಗಿಂದ ಗೊತ್ತು?" ಎಂದು ಕೇಳಿದೆ. ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿ ಹಿಂಡಿ, "ಹೋದ ವರ್ಷ ನಾನು ಬಗ್ಗಿದ್ದೆ ಅಮ್ಮಾ, ಸಾರ್ ನನ್ನ ಮೇಲೇ ನಡ್ಕೊಂಡು ಬಂದ್ರು. ಅವರು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಅವತ್ತಿಂದ ಮಾತಾಡ್ತಿದೀನಿ. ಸಂಜೆ ಹೊತ್ತಿಗೆ ಗಂಟಲು ನೋಯುತ್ತೆ" ಅಂದ. ಬೇರೆ ಕೆಲಸದವರಿಗೂ ಸದ್ದಿಲ್ಲದೆ ನಿಯಮ ಮಾಡಿದ್ದಾನಂತೆ, ಆ ದಾರಿಯಲ್ಲಿ ಬಕೆಟ್ಟು ಪೊರಕೆ ಏನೂ ಇಡುವಂತಿಲ್ಲ. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ ಕೇಳಿ ನಗುತ್ತಿದ್ದೆ, ನಾನು ಹುಡುಕಲೂ ಇಲ್ಲ. ಆ ಮನುಷ್ಯನ ಎರಡೂ ಕೈ ಹಿಡಿದುಕೊಂಡು ಅಲ್ಲೇ ಪೆಟ್ಟಿಗೆಯ ಮೇಲೆ ಕೂತು ಅತ್ತೆ. ಅವನು ಹಳೆಯ ಮೌನಿಯಾಗಿ ಪಕ್ಕದಲ್ಲಿ ನಿಂತಿದ್ದ.

ಈಗ ಕೇಳು ನನ್ನ ಸಂಕಟ. ಪಟ್ಟಿಯ ಮೇಲೆ ನಡೆದ ದಿನ ರಾತ್ರಿ ಊಟಕ್ಕೆ ಕೂತಾಗ ನಿಮ್ಮಪ್ಪ ತಾವಾಗಿಯೇ ಅಂದರು: "ಚೆನ್ನಾಗಿದೆ ಕಣೇ ಕೋಟಿಂಗು. ಪೂರ್ತಿ ಹಾಕಿಸಿಬಿಡು. ಅವಳು ಹೇಳಿದ್ದೇ ಸರಿ." ಆರು ತಿಂಗಳ ಹಟ ಒಂದು ಹೊತ್ತಿನ ಊಟಕ್ಕೆ ಕರಗಿತು. ಅದರ ಹಿಂದೆಯೇ, "ನನಗೂ ಸಾಕಾಯ್ತು, ಇನ್ಮೇಲೆ ಮನೇಲೇ ಇರ್ತೀನಿ" ಅಂದರು. ಮನೆಯಲ್ಲಿದ್ದು ಏನು ಮಾಡುತ್ತಾರೆ? ಬುಶ್ಶು ಮುಟ್ಟದ ದಿನ ಆ ಮನುಷ್ಯನ ಬೆರಳು ಊಟದ ತಟ್ಟೆಯ ಅಂಚಿನಲ್ಲಿ ಗೀರು ಹುಡುಕುತ್ತದೆ. ಆ ನೆಲ ಪೂರ್ತಿ ನುಣ್ಣಗಾದ ದಿನ ಅವರು ಆ ಬಾಗಿಲು ದಾಟುವುದಿಲ್ಲ, ಇದು ಖಂಡಿತ. ನುಣ್ಣಗಾಗದ ದಿನ ನೀನು ಈ ಬಾಗಿಲು ದಾಟುವುದಿಲ್ಲ ಎಂದು ನೀನೇ ಬರೆದಿದ್ದೀಯ. ನೀನು ಆಸೆಪಟ್ಟದ್ದು ತಪ್ಪು ಎಂದು ಹೇಗೆ ಹೇಳಲಿ? ಚಿಕ್ಕವಳಿದ್ದಾಗ ಈ ಧೂಳಿನಲ್ಲೇ ಹೋಮ್‌ವರ್ಕ್ ಮಾಡಿ ಕೆಮ್ಮಿ ಕೆಮ್ಮಿ ಬೆಳೆದವಳು, ಈಗಲೂ ಕೆಮ್ಮುತ್ತೀಯ. ನಿನ್ನ ಅಳತೆಯ ಯಂತ್ರ ತಂದಿಡಬೇಕು, ಬಿಳಿ ಗೆರೆ ಎಳೆಸಬೇಕು, ಹೆಸರು ಮಾಡಬೇಕು ಎಂದೆಲ್ಲ ಕನಸು ಕಟ್ಟಿದ್ದೀಯ. ಅವರದ್ದು ಮುಗಿಯುವ ಕಾಲ, ನಿನ್ನದು ಶುರುವಾಗುವ ಕಾಲ ಎಂದು ಒಂದು ಗಳಿಗೆ ಅನ್ನಿಸುತ್ತದೆ. ಮರುಗಳಿಗೆಗೆ ಆ ಚಾಚಿದ ಕೈ ಕಣ್ಣೆದುರು ಬರುತ್ತದೆ.

ಆ ಹೀರಿಕೊಳ್ಳುವ ದ್ರಾವಣದ ಬಗ್ಗೆ ನೆಲದವನನ್ನು ಮತ್ತೆ ಕೇಳಿದೆ. ಗೀರುಗಳು ಹಾಗೇ ಉಳಿಯುತ್ತವೆ, ತರಿಯೂ ಉಳಿಯುತ್ತದೆ, ಹೊಳೆಯುವ ಪಟ್ಟಿಯನ್ನು ಬೇಕಾದರೆ ಉಜ್ಜಿ ತೆಗೆದು ಗೀರು ಮತ್ತೆ ಕೊಯ್ದು ಕೊಡುತ್ತೇನೆ ಅಂದ. ತಪಾಸಣೆಯವಳಿಗೂ ಫೋನ್ ಮಾಡಿದೆ. "ನನಗೆ ಧೂಳು ಬೇಡ ಅಷ್ಟೇ, ನಿಮ್ಮ ನೆಲ ಹೊಳೆಯೋದು ಕಟ್ಕೊಂಡು ನನಗೇನು" ಅಂದಳು. ಹಾಗಾಗಿ ಉಳಿದದ್ದು ನೀನೊಬ್ಬಳು. ಮುಂದಿನ ವಾರ ಶುಕ್ರವಾರ ನೆಲದವನು ಬರುತ್ತಾನೆ, ಯಾವ ಡ್ರಮ್ಮು ಹೊತ್ತು ತರಬೇಕು ಎಂದು ಕೇಳುತ್ತಿದ್ದಾನೆ. ನಾನು ಬೆಳಿಗ್ಗೆ ಒಂದು ಹೇಳಿದರೆ ಸಂಜೆ ಇನ್ನೊಂದು ಹೇಳುತ್ತೇನೆ. ಅತ್ತ ದರಿ, ಇತ್ತ ಪುಲಿ. ನೀನೇ ಯೋಚಿಸಿ ತೀರ್ಮಾನ ಮಾಡು, ನೀನು ಹೇಳಿದ ಹಾಗೆ ಮಾಡುತ್ತೇನೆ. ಎರಡರಲ್ಲಿ ಯಾವುದು ಹೇಳಿದರೂ ನಿನ್ನ ಮೇಲೆ ನನಗೆ ಬೇಸರವಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೋಣೆಯ ಜೊತೆಯ ಹುಡುಗಿಗೆ ನನ್ನ ನೆನಪು ಹೇಳು, ಅವಳ ಅಮ್ಮನ ಕಾಲು ಈಗ ಹೇಗಿದೆಯೋ ಕೇಳಿ ಬರೆ. ನೂರು ಕಾಲ ಚೆನ್ನಾಗಿರು ಕಂದಾ. ನಿಮ್ಮಪ್ಪನೂ ಆಶೀರ್ವಾದ ಹೇಳಿದ್ದಾರೆ ಎಂದು ಬರೆಯುತ್ತಿದ್ದೇನೆ, ಅವರಿಗೆ ಈ ಕಾಗದ ಬರೆಯುತ್ತಿರುವುದು ಗೊತ್ತಿಲ್ಲ, ಆದರೂ ಅದು ಸುಳ್ಳಾಗುವುದಿಲ್ಲ.

ಇಂತಿ ನಿನ್ನ,
ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಗೀಚುಬರಹ, ಹೊಂದಿಸಿಕೊಂಡು ಓದು. ಐದೂವರೆ ಆಗಿದೆ. ಕೆಲಸದವರೆಲ್ಲ ಹೋದರು, ಯಂತ್ರಗಳು ನಿಂತಿವೆ. ಚಹಾಕ್ಕೆ ಕರೆಯೋಣವೆಂದು ವರ್ಕ್‌ಶಾಪಿನ ಬಾಗಿಲಿಗೆ ಬಂದರೆ ನಿಮ್ಮಪ್ಪ ಒಬ್ಬರೇ ಆ ಹೊಳೆಯುವ ಪಟ್ಟಿಯ ಮೇಲೆ ನಡೆಯುತ್ತಿದ್ದಾರೆ. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲುವುದು, ಬಾಯಲ್ಲಿ ಎಣಿಸುತ್ತ ಹೊರಡುವುದು, ಒಂಬತ್ತಕ್ಕೆ ಎಡಕ್ಕೆ ತಿರುಗುವುದು. ಮೇಜಿನ ಮೂಲೆ ಸೊಂಟಕ್ಕೆ ಬಡಿಯುತ್ತದೆ. ತುಟಿ ಕಚ್ಚಿಕೊಂಡು ವಾಪಸ್ ಚೌಕಟ್ಟಿಗೆ ಹೋಗಿ ಮತ್ತೆ ಒಂದರಿಂದ. ನಿನ್ನ ನೆಲವನ್ನು ಕಲಿಯುತ್ತಿದ್ದಾರೆ ಪುಟ್ಟೀ, ಅರವತ್ತೆಂಟನೇ ವಯಸ್ಸಿನಲ್ಲಿ, ಯಾರಿಗೂ ಹೇಳದೆ. ಇಷ್ಟು ದೊಡ್ಡ ಶೆಡ್ಡನ್ನು ಎಣಿಸಿ ಕಲಿಯಲು ಎಷ್ಟು ಸಲ ಬೀಳಬೇಕು?

ನೀನೇ ತೀರ್ಮಾನ ಮಾಡು ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿದೆ ಎಂದು ತಿಳಿದುಕೋ. ಕೋಟಿಂಗು ಬೇಡ, ಹೀರುವ ದ್ರಾವಣವನ್ನೇ ತಾ, ಆ ಪಟ್ಟಿಯನ್ನೂ ಉಜ್ಜಿ ತೆಗೆ ಎಂದು ನೆಲದವನಿಗೆ ಈಗಷ್ಟೇ ಹೊರಗೆ ರಸ್ತೆಗೆ ಹೋಗಿ ಫೋನ್ ಮಾಡಿದೆ. ಬೇಸರ ಮಾಡಿಕೊ, ಜಗಳ ಆಡು, ಆದರೆ ಬಾ. ನಿನಗೆ ಈಗ ಒಂದು ಕೆಲಸ ಇದೆ. ತಮಗೋಸ್ಕರ ಬದಲಾಯಿಸಿದೆವು ಎಂದು ಗೊತ್ತಾದರೆ ಅವರು ಇನ್ನು ಅಲ್ಲಿಗೆ ಕಾಲಿಡುವುದಿಲ್ಲ. ಆದ್ದರಿಂದ ನಿನಗೇ ಕೋಟಿಂಗು ಬೇಡವಾಯಿತು ಎಂದು ಅವರಿಗೆ ಒಂದು ಕಾಗದ ಬರೆ. ಎಣ್ಣೆ ಬಿದ್ದರೆ ಜಾರುತ್ತದೆ, ಅಲ್ಲಲ್ಲಿ ಏಳುತ್ತದೆ, ಏನಾದರೂ ಬರೆ. ನಾನೇ ಕಟ್ಟಿ ಓದಿದರೆ ಎರಡನೇ ಸಾಲಿಗೆ ಹಿಡಿಯುತ್ತಾರೆ, ನಿನ್ನ ಮಾತಿನ ಧಾಟಿ ಅವರಿಗೆ ಚೆನ್ನಾಗಿ ಗೊತ್ತು. ಸಿಡುಕುತ್ತಲೇ ಬರೆ. "ಅಪ್ಪಾ, ನೀವು ಹೇಳಿದ್ದೇ ಸರಿ" ಎಂದು ಮಾತ್ರ ಬರೆಯಬೇಡ, ಹುಟ್ಟಿದಾಗಿನಿಂದ ನೀನು ಆ ಮಾತು ಆಡಿದವಳಲ್ಲ, ತಕ್ಷಣ ಅನುಮಾನ ಬರುತ್ತದೆ. ನೆಲದವನು ಬರುವ ಶುಕ್ರವಾರದೊಳಗೆ ನನ್ನ ಕೈಗೆ ಸಿಗಬೇಕು.

ಇದು ಹನ್ನೊಂದನೇ ಸಲ. ಎಂಟಕ್ಕೇ ತಿರುಗಿದರು, ಮೇಜು ತಾಗಲಿಲ್ಲ. ಬೇಗ ಬರೆ.